ಹುಳಿಯಿಲ್ಲದ ರೊಟ್ಟಿ

ಬೇಕರಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಚಿಕ್ಕ ಸೊಸೆಯ ವಂದನೆಗಳು.

ಮೊದಲು ನಿಮ್ಮ ಆರೋಗ್ಯ ವಿಚಾರಿಸಿಬಿಡುತ್ತೇನೆ, ಆಮೇಲೆ ಸಿಟ್ಟು ಏರಿದರೆ ಮರೆತುಹೋದೀತು. ಮಂಡಿಯ ಬಾವು ಇಳಿಯಿತೇ? ಮಾತ್ರೆಗಳನ್ನು ನುಂಗುತ್ತಿದ್ದೀರಾ, ಇಲ್ಲಾ ಇಲ್ಲಿ ಮಾಡುತ್ತಿದ್ದ ಹಾಗೆ ದಿಂಬಿನ ಕೆಳಗೆ ಸೇರಿಸಿ 'ಆಯ್ತಮ್ಮ, ನುಂಗಿದೆ' ಎನ್ನುತ್ತಿದ್ದೀರಾ? ನಾದಿನಿ ಫೋನಿನಲ್ಲಿ 'ಅಮ್ಮ ಚೆನ್ನಾಗಿದ್ದಾರೆ ಅತ್ತಿಗೆ' ಎನ್ನುತ್ತಾಳೆ. ಆದರೆ ಹಾಗೆನ್ನುವ ಮೊದಲು ಸ್ವಲ್ಪ ತಡೆಯುತ್ತಾಳೆ, ಅದು ನನಗೆ ಹಿಡಿಸುವುದಿಲ್ಲ. ನಿಮ್ಮನ್ನೇ ಕರೆ ಎಂದರೆ ಮಲಗಿದ್ದಾರೆ, ಸ್ನಾನಕ್ಕೆ ಹೋಗಿದ್ದಾರೆ, ಪಕ್ಕದ ಮನೆಗೆ ಹೋಗಿದ್ದಾರೆ. ಈ ಮಂಡಿ ಇಟ್ಟುಕೊಂಡು ನೀವು ಅಷ್ಟೊಂದು ಓಡಾಡುವವರಾದರೆ ಸಂತೋಷವೇ. ನೀವು ಫೋನು ಮುಟ್ಟುವುದನ್ನು ಬಿಟ್ಟಿರುವುದು ಯಾಕೆಂದು ನನಗೆ ಗೊತ್ತು, ಅದಕ್ಕಾಗಿ ನಿಮ್ಮನ್ನು ದೂರುವುದಿಲ್ಲ. ಎತ್ತಿದರೆ ಸಾಕು, ಒಬ್ಬ ಮಗ ಸತ್ಯವೇದದಿಂದ ಒಂದು ವಚನ ಓದುತ್ತಾರೆ. ಅದನ್ನು ಇಟ್ಟು ಉಸಿರು ಬಿಡುವಷ್ಟರಲ್ಲಿ ಇನ್ನೊಬ್ಬ ಮಗ ಇನ್ನೊಂದು ವಚನ ಓದುತ್ತಾರೆ. 'ಊಟ ಆಯ್ತಾ ಅಮ್ಮಾ' ಎಂದು ಕೇಳಲು ಇಬ್ಬರಿಗೂ ಪುರುಸೊತ್ತಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರಲ್ಲಿ ಅಧ್ಯಾಯ, ವಚನ ಯಾವುದೂ ಇಲ್ಲ, ಧೈರ್ಯವಾಗಿ ಓದಿ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿಲ್ಲವೆಂದಲ್ಲ, ಆದರೆ ನಿಮಗೆ ಗೊತ್ತಿರುವುದು ಅರ್ಧಂಬರ್ಧ. ಆ ಭಾನುವಾರ ನೀವು ಚರ್ಚಿನ ಮೊದಲ ಸಾಲಿನಲ್ಲಿ ಕಣ್ಣುಮುಚ್ಚಿ ಪ್ರಾರ್ಥನೆಯಲ್ಲಿದ್ದಿರಿ, ಕಿವಿ ಬೇರೆ ಮಂದ. ಆಮೇಲೆ ಮಕ್ಕಳಿಬ್ಬರೂ ತಂತಮ್ಮ ಪಾಲಿನದನ್ನು ಮಾತ್ರ ನಿಮ್ಮ ಕಿವಿಗೆ ಹಾಕಿದರು. ನಾನು ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಮಾವನವರ ಕಾಲದಿಂದ ಕರ್ತನ ಭೋಜನಕ್ಕೆ ಬ್ರೆಡ್ಡು ನಮ್ಮ ಒಲೆಯಿಂದಲೇ ಹೋಗುತ್ತಿರುವುದಲ್ಲವೇ? ತಿಂಗಳ ಮೊದಲ ಭಾನುವಾರ ಇವರು ಎಲ್ಲಕ್ಕಿಂತ ಮೊದಲು ಆ ಹಿಟ್ಟನ್ನೇ ಕಲಸುವುದು. ಅದನ್ನು ನಾದುವಾಗ ನನ್ನ ಜೊತೆಗೂ ಮಾತಾಡುವುದಿಲ್ಲ, ಬಾಗಿಲಲ್ಲಿ ಯಾರು ಬಂದು ನಿಂತರೂ ಕಾಯಬೇಕು. ಅಂದೂ ಹಾಗೆ ಮಾಡಿದ್ದನ್ನು ಬಿಳಿ ಬಟ್ಟೆ ಮುಚ್ಚಿ ಮೇಜಿನ ಮೇಲಿಟ್ಟು ಹಿಂದೆ ಸರಿದೆವು. ಭಾವನವರು ಸಭೆಯ ಹಿರಿಯರ ಕುರ್ಚಿಯಿಂದ ಎದ್ದು ಬಂದರು, ಬಟ್ಟೆ ಎತ್ತಿದರು, 'ಇದರಲ್ಲಿ ಹುಳಿ ಇದೆಯಲ್ಲ' ಎಂದರು. ವೇದದ ಭಾಷೆಯಲ್ಲಿ ಹುಳಿ ಎಂದರೆ ನಮ್ಮ ಅಂಗಡಿಯ ಭಾಷೆಯಲ್ಲಿ ಈಸ್ಟು. ಅದಿಲ್ಲದೆ ಬ್ರೆಡ್ಡು ಉಬ್ಬುವುದು ಹೇಗೆ? ಇಷ್ಟು ವರ್ಷ ಅದನ್ನೇ ತಿಂದವರಿಗೆ ಆ ವಾರ ಓದುವಾಗ ಹೊಳೆದುಬಿಟ್ಟಿತ್ತು: ಕರ್ತನು ಆ ರಾತ್ರಿ ಶಿಷ್ಯರಿಗೆ ಕೊಟ್ಟದ್ದು ಹುಳಿಯಿಲ್ಲದ ರೊಟ್ಟಿಯ ಹಬ್ಬದಲ್ಲಿ, ಹಾಗಾದರೆ ನಾವು ಹುಳಿ ಹಾಕಿದ್ದನ್ನು ಮೇಜಿನ ಮೇಲಿಡುವುದು ಹೇಗೆ ಸರಿ? ಮುದ್ರಣಾಲಯದಲ್ಲಿ ದಿನವಿಡೀ ಕರಡು ತಿದ್ದುವ ಕಣ್ಣು ಅವರದು, ತಪ್ಪು ಕಾಣದಿದ್ದರೆ ಆ ಕಣ್ಣಿಗೆ ನಿದ್ದೆ ಬರುವುದಿಲ್ಲ.

ಇವರು ಮೆಲ್ಲಗೇ ಹೇಳಿದರು, ನಾನು ಸಾಕ್ಷಿ. 'ವೇದದಲ್ಲಿ ರೊಟ್ಟಿ ತಗೊಂಡು ಅಂತಷ್ಟೇ ಇದೆ ಅಣ್ಣ. ಹುಳಿ ಹಾಕಿದ್ದೋ ಬಿಟ್ಟಿದ್ದೋ ಅಂತ ಆ ಸಾಲಲ್ಲಿ ಬರೆದಿಲ್ಲ.' ಅಷ್ಟಕ್ಕೆ ಭಾವನವರು ಸುಮ್ಮನಾಗಬಹುದಿತ್ತು. 'ಸರಿ, ರೊಟ್ಟಿ ತಾನೇ? ನೀನು ತಂದಿರೋದು ಬ್ರೆಡ್ಡು. ಬ್ರೆಡ್ಡು ಅನ್ನೋ ಮಾತು ವೇದದಲ್ಲಿ ಎಲ್ಲಿದೆ, ತೋರಿಸು' ಎಂದುಬಿಟ್ಟರು. ಎಲ್ಲಿಂದ ತೋರಿಸುವುದು ಅತ್ತೆ? ಹುಟ್ಟಿದಾಗಿನಿಂದ ಸಭೆಯಲ್ಲಿ ರೊಟ್ಟಿ ಎಂದು ಓದುತ್ತೇವೆ, ಬ್ರೆಡ್ಡು ತಿನ್ನುತ್ತೇವೆ, ಎರಡೂ ಒಂದೇ ಎಂದು ಎಲ್ಲರಿಗೂ ಗೊತ್ತು. ಆದರೆ ಅಂದು ಆ ಒಂದು ಮಾತಿಗೆ ಇಡೀ ಸಭೆ ಪುಟ ತಿರುವತೊಡಗಿತು. ಅಷ್ಟರಲ್ಲಿ ಭಾವನವರು ಬ್ರೆಡ್ಡನ್ನು ಬಟ್ಟೆ ಸಮೇತ ಎತ್ತಿ ನನ್ನ ಕೈಗೆ ಕೊಟ್ಟು 'ತಗೊಂಡು ಹೋಗಮ್ಮ' ಎಂದರು. ಇವರ ಮುಖ ಕಪ್ಪಿಟ್ಟಿತು. ಆಗಲೇ ಇವರು ಆ ಮಾತು ಆಡಿದ್ದು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ: 'ಊರವರ ಕರಡೆಲ್ಲ ತಿದ್ದಿ ಮುಗೀತು, ಈಗ ದೇವರ ಕರಡು ತಿದ್ದೋಕೆ ಹೊರಟಿದ್ದೀಯ.' ವೇದದ ಅಕ್ಷರವನ್ನು ಪ್ರಾಣದಂತೆ ಕಾಯುವ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ತಮ್ಮನ ಅವಮಾನಕ್ಕೆ ಅಣ್ಣನ ಅವಮಾನ ಸಮ ಆಯಿತು ಎಂದು ನಾನಂದುಕೊಂಡೆ. ಆದರೆ ಅವಮಾನಗಳು ಹಾಗೆ ವಜಾ ಆಗುವುದಿಲ್ಲವಂತೆ, ಕೂಡುತ್ತಾ ಹೋಗುತ್ತವೆ.

ಮಾರನೆಯ ದಿನ ನೀವು ಮಗಳ ಮನೆಗೆ ಹೊರಟಿರಿ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. 'ಇಬ್ಬರೂ ಒಟ್ಟಿಗೆ ಬಂದು ಕರೆದರೆ ಬರ್ತೀನಿ. ಇಲ್ಲಾಂದ್ರೆ ನನ್ನ ಪಾಡಿಗೆ ನನ್ನನ್ನ ಬಿಟ್ಟುಬಿಡಿ.' ವಾರ ಕಳೆಯುವುದರೊಳಗೆ ಇಬ್ಬರೂ ತಲೆ ತಗ್ಗಿಸಿಕೊಂಡು ಓಡಿ ಬರುತ್ತಾರೆ ಎಂದು ನೀವೂ ನಂಬಿದ್ದಿರಿ, ನಾನೂ ನಂಬಿದ್ದೆ. ಎರಡೂವರೆ ತಿಂಗಳಾಗುತ್ತಾ ಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ನಮ್ಮಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ತಾಯಿ ಬಡವಾದರು.

ನೀವು ಹೋದ ಮೇಲಿನ ತಿಂಗಳು ಭಾವನವರು ಹುಳಿಯಿಲ್ಲದ ರೊಟ್ಟಿಯನ್ನು ಮನೆಯಲ್ಲೇ ಹೆಂಡತಿಯ ಕೈಯಲ್ಲಿ ಮಾಡಿಸಿದರು. ಪಾಪ, ಅಕ್ಕನಿಗೆ ಒಲೆಯ ಅಂದಾಜು ಎಲ್ಲಿಂದ ಬರಬೇಕು? ಹಿಟ್ಟು, ನೀರು, ಉಪ್ಪು ಅಷ್ಟನ್ನೇ ಕಲಸಿ, ಹಸಿ ಉಳಿದೀತೆಂಬ ಹೆದರಿಕೆಗೆ ಮತ್ತೆ ಮತ್ತೆ ಬೇಯಿಸಿದ್ದಾರೆ. ಸಭಾಪಾಲಕರು ಸ್ತೋತ್ರ ಮಾಡಿ ಎರಡೂ ಕೈಯಲ್ಲಿ ಎತ್ತಿ ಹಿಡಿದರು, ಮುರಿಯಲು ಹೋದರು, ಅದು ಮುರಿಯಲಿಲ್ಲ. ಮೊಣಕೈ ಅಗಲ ಮಾಡಿ ಇನ್ನೊಮ್ಮೆ ನೋಡಿದರು. ಕರ್ತನು ಮುರಿದುಕೊಟ್ಟನು ಎಂದು ಓದಿ ಆಗಿದೆ, ಈಗ ಮುರಿಯದೆ ಇರುವಂತಿಲ್ಲ. ಕೊನೆಗೆ ಮೇಜಿನ ಅಂಚಿಗೆ ಒತ್ತಿದಾಗ ಫಟ್ಟೆಂದು ಒಂದು ಚೂರು ಸಿಡಿದು ಗಡಿಯಾರ ರಿಪೇರಿ ತಾತನ ಮಡಿಲಿಗೆ ಬಿತ್ತು. ಅವರು ಅದು ತಮಗೇ ಕೊಟ್ಟದ್ದೆಂದು ತಿಳಿದು ಭಕ್ತಿಯಿಂದ ಬಾಯಿಗೆ ಹಾಕಿಕೊಂಡರು, ಕಟ್ಟಿಸಿದ ಹಲ್ಲು ಕೈಗೆ ಬಂತು. ನಗಬಾರದ ಜಾಗ ಅತ್ತೆ, ನಾನು ಸೆರಗು ಬಾಯಿಗೆ ತುರುಕಿಕೊಂಡು ನೆಲ ನೋಡುತ್ತಿದ್ದೆ. ನಿಮ್ಮ ಚಿಕ್ಕ ಮಗ ಮಾತ್ರ ಗಟ್ಟಿಯಾಗಿ ನಕ್ಕುಬಿಟ್ಟರು. ಮೊದಲ ಸಾಲಿನಲ್ಲಿ ಅಕ್ಕ ಅಳುತ್ತಾ ಎದ್ದು ಹೊರಗೆ ಹೋದರು. ಭಾವನವರು ತಿರುಗಿ ನೋಡಿದ ಆ ನೋಟ ಒಂದಿತ್ತಲ್ಲ, ಅವತ್ತೇ ನನಗೆ ಗೊತ್ತಾಯಿತು, ಇದು ಇನ್ನು ರೊಟ್ಟಿಯ ಜಗಳವಲ್ಲ ಎಂದು. ಹುಳಿ ಬೇಡ ಎಂದು ಹೊರಟವರು ಮನೆಗೆ ಹುಳಿ ಹಿಂಡಿ ಕೂತರು.

ಈಗ ಯಾರು ಮೊದಲು ಹೋಗಬೇಕು ಎನ್ನುವುದೇ ಜಗಳ, ಅದಕ್ಕೂ ವೇದವೇ ಆಧಾರ. ಇವರು ಹೇಳುವುದು ಹೀಗೆ: ಕಾಣಿಕೆ ಕೊಡಲು ಬಂದವನಿಗೆ ತನ್ನ ಮೇಲೆ ಸಹೋದರನಿಗೆ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗಬೇಕು ಎಂದಿದೆ. 'ನನ್ನ ಮನಸ್ಸು ನೋಯಿಸಿದೋನು ಅವನು. ಮೇಜಿನ ಮುಂದೆ ನಿಲ್ಲೋನೂ ಅವನೇ. ಹಾಗಾದ್ರೆ ಅವನೇ ಬರಬೇಕು.' ಭಾವನವರು ಹೇಳುವುದನ್ನು ಅಕ್ಕ ನನಗೆ ತಿಳಿಸುತ್ತಾರೆ: ಸಹೋದರನು ನಿನಗೆ ತಪ್ಪು ಮಾಡಿದರೆ ನೀನು ಹೋಗಿ, ಅವನೊಬ್ಬನೇ ಇರುವಾಗ ತಪ್ಪನ್ನು ತೋರಿಸಿಕೊಡು ಎಂದಿದೆ. 'ತಪ್ಪಾಗಿದೆ ಅನ್ನೋನು ಅವನು ತಾನೇ? ಬಂದು ಹೇಳಲಿ. ನಾನೇನು ಬಾಗಿಲು ಹಾಕ್ಕೊಂಡಿದೀನಾ?' ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ಒಂದು ದಿನ ಪಾತ್ರೆ ತಿಕ್ಕುತ್ತಾ ಯೋಚಿಸಿದೆ. ತಪ್ಪು ಮಾಡಿದವನಿಗೂ ಹೋಗು ಎಂದಿದೆ, ನೊಂದವನಿಗೂ ಹೋಗು ಎಂದಿದೆ. ಮನೆಯಲ್ಲೇ ಕೂತಿರು ಎಂದು ಯಾರಿಗೂ ಹೇಳಿಲ್ಲ. ಇಬ್ಬರೂ ಬರೆದ ಹಾಗೆ ನಡೆದಿದ್ದರೆ ದಾರಿಯ ನಡುವೆ, ಆ ಔಷಧಿ ಅಂಗಡಿಯ ಮುಂದೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಆದರೆ ಇವರು ತಮಗೆ ಬರೆದದ್ದನ್ನು ಅಣ್ಣನಿಗೆ ಓದುತ್ತಾರೆ, ಅವರು ತಮಗೆ ಬರೆದದ್ದನ್ನು ತಮ್ಮನಿಗೆ ಓದುತ್ತಾರೆ. ಬೇರೆಯವರ ವಿಳಾಸದ ಕಾಗದ ಒಡೆಯಬಾರದು ಎಂದು ನಮಗೆ ಕಲಿಸಿದವರು ನೀವು. ನಿಮ್ಮ ಮಕ್ಕಳು ತಮ್ಮ ವಿಳಾಸಕ್ಕೆ ಬಂದದ್ದನ್ನೂ ಒಡೆಯುವುದಿಲ್ಲ, ಪಕ್ಕದ ಮನೆಗೆ ದಾಟಿಸುತ್ತಾರೆ. ಇದನ್ನು ಇವರಿಗೆ ಹೇಳಿದೆ. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಒಂದು ಗಳಿಗೆ ನನ್ನನ್ನು ನೋಡಿದರು. ಗೆದ್ದೆ ಎಂದುಕೊಂಡೆ. 'ಇದನ್ನ ಹೋಗಿ ಅವನಿಗೆ ಹೇಳು' ಎಂದರು.

ಸಭಾಪಾಲಕರ ಬಗ್ಗೆ ಕೇಳುತ್ತೀರಿ. ಅವರದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ. ಇಬ್ಬರ ಮನೆಯಲ್ಲೂ ಚಹಾ ಕುಡಿದರು, ಇಬ್ಬರ ಮಾತಿಗೂ ತಲೆಯಾಡಿಸಿದರು. ಆಮೇಲೆ, ಮನಸ್ಸಿನಲ್ಲಿ ಭೇದ ಇಟ್ಟುಕೊಂಡು ಆ ಮೇಜಿಗೆ ಬರುವುದು ಅಯೋಗ್ಯವೆಂದು ಬರೆದಿದೆ ಎಂದು ಹೇಳಿ, ಭೋಜನವನ್ನೇ ನಿಲ್ಲಿಸಿಬಿಟ್ಟರು. ಹುಳಿ ಇದ್ದದ್ದೂ ಇಲ್ಲ, ಇಲ್ಲದ್ದೂ ಇಲ್ಲ. ಈ ತಿಂಗಳು ಮೊದಲ ಭಾನುವಾರ ಮೇಜಿನ ಮೇಲೆ ಬರಿಯ ಬಟ್ಟೆ ಹಾಸಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಸಂಜೆ ಸಭೆ ಕೂಡಿದಾಗ ಗಂಡಸರು ಒಬ್ಬರಾದ ಮೇಲೊಬ್ಬರು ಎದ್ದು ವಚನ ಹೇಳಿದರು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಒಬ್ಬರಾದರೂ 'ಆ ಮುದುಕಿ ಎಲ್ಲಿ?' ಎಂದು ಕೇಳಲಿಲ್ಲ. ನಾನು ಕೈ ಎತ್ತಿದೆ. ಸಭಾಪಾಲಕರು ಬಹಳ ಮರ್ಯಾದೆಯಿಂದ, ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆಂದು ಬರೆದಿದೆಯಲ್ಲ ತಂಗಿ, ಏನಿದ್ದರೂ ಮನೆಯಲ್ಲಿ ಗಂಡನನ್ನು ಕೇಳು ಎಂದರು. ಗಂಡನನ್ನು ಕೇಳಿ ಕೇಳಿ ಸಾಕಾಗಿಯೇ ಸಭೆಯಲ್ಲಿ ಕೈ ಎತ್ತಿದ್ದು ಎಂದು ಅವರಿಗೆ ಯಾರು ಹೇಳಬೇಕು? ಕೈ ಇಳಿಸಿ ಕೂತೆ. ಮನೆಗೆ ಬಂದು ಸಿಟ್ಟಿಗೆ ಎಲ್ಲ ತಟ್ಟೆಗಳನ್ನೂ ಇನ್ನೊಮ್ಮೆ ತೊಳೆದೆ.

ನಿಮಗೆ ನಗು ಬರುವ ಒಂದು ವಿಷಯ ಹೇಳುತ್ತೇನೆ. ಭಾವನವರು ಬೆಳಗಿನ ಚಹಾದ ಜೊತೆ ತಿನ್ನುವುದು ಇಂದಿಗೂ ನಮ್ಮ ಬ್ರೆಡ್ಡನ್ನೇ. ಅಕ್ಕ ಹಿಂಬಾಗಿಲಿಗೆ ಬಂದು ಒಯ್ಯುತ್ತಾರೆ. ಎಲ್ಲಿಂದ ತಂದೆ ಎಂದು ಭಾವನವರು ಕೇಳುವುದಿಲ್ಲ, ಅಕ್ಕ ಹೇಳುವುದಿಲ್ಲ. ಇಲ್ಲಿ ನಿಮ್ಮ ಚಿಕ್ಕ ಮಗ ಚೆನ್ನಾಗಿ ಕೆಂಪಗೆ ಬೆಂದದ್ದೊಂದನ್ನು ದಿನವೂ ಬಾಗಿಲ ಪಕ್ಕದ ಹಲಗೆಯ ಮೇಲೆ ಬೇರೆ ಇಡುತ್ತಾರೆ. ಭಾವನವರಿಗೆ ಗಟ್ಟಿ ಅಂಚು ಇಷ್ಟ ಎಂದು ನಾನೇನು ಹೇಳಿಕೊಟ್ಟಿಲ್ಲ. ಹೋದ ವಾರ ಬ್ರೆಡ್ಡು ಸುತ್ತುವ ಹೊಸ ಕಾಗದ ಮುದ್ರಣವಾಗಿ ಬಂತು. ಎರಡೇ ದಿನಕ್ಕೆ ಅದರ ಒಂದು ತುಂಡು ಅಕ್ಕನ ಚೀಲದಲ್ಲಿ ಹಿಂದಿರುಗಿತು: 'ತಾಜಾ' ಎನ್ನುವುದು 'ತಜಾ' ಆಗಿತ್ತು, ಕೆಂಪು ಶಾಯಿಯಲ್ಲಿ ದೀರ್ಘ ಎಳೆದಿತ್ತು. ಇವರು ಅದನ್ನು ಬೆಳಕಿಗೆ ಹಿಡಿದು ನೋಡಿ, 'ತಿದ್ದೋದೊಂದು ಗೊತ್ತು' ಎಂದು ಗೊಣಗಿ, ಆ ದಿನವೇ ಮುದ್ರಣದವರಿಗೆ ಹೇಳಿ ಸರಿ ಮಾಡಿಸಿದರು. ಇಷ್ಟೆಲ್ಲ ಇದೆ. ಎರಡು ಬೀದಿ ದಾಟಿ ಹೋಗುವುದೊಂದು ಇಲ್ಲ. ನನಗೆ ಮೈಯೆಲ್ಲ ಉರಿಯುವುದು ಅದಕ್ಕೇ. ಪ್ರೀತಿ ಇಲ್ಲದವರಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು.

ಇಷ್ಟು ಬರೆದೆನೆಂದು ನನಗೆ ವೇದದ ಮೇಲೆ ಸಿಟ್ಟು ಎಂದು ತಿಳಿಯಬೇಡಿ. ಬರೆದ ಹಾಗೆ ನಡೆಯಬೇಕು ಎನ್ನುವ ಮನೆಗೇ ಸೊಸೆಯಾಗಿ ಬಂದೆ, ಹಾಗೆ ನಡೆಯುವ ಮಾವನವರನ್ನು ಕಣ್ಣಾರೆ ನೋಡಿದೆ. ಹುಳಿ ಇರಬೇಕೋ ಬೇಡವೋ ನನಗೆ ನಿಜಕ್ಕೂ ಗೊತ್ತಿಲ್ಲ. ಭಾವನವರು ಹೇಳಿದ್ದೇ ಸರಿಯಿದ್ದರೂ ಇರಬಹುದು. ಹಾಗಿದ್ದರೆ ಶನಿವಾರ ಸಂಜೆ ಅಂಗಡಿಗೆ ಬಂದು 'ತಮ್ಮ, ಹೀಗೊಂದು ಓದಿದೆ, ಹುಳಿಯಿಲ್ಲದೆ ಮಾಡಿಕೊಡ್ತೀಯಾ' ಎಂದಿದ್ದರೆ ಸಾಕಿತ್ತು. ಇವರು ಗೊಣಗುತ್ತಾ, ಬಾಯಲ್ಲಿಟ್ಟರೆ ಕರಗುವಂಥದ್ದನ್ನು ಮಾಡಿಕೊಡುತ್ತಿದ್ದರು, ತಾತನ ಹಲ್ಲೂ ಉಳಿಯುತ್ತಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಇಬ್ಬರ ನಡುವೆ, ನಾಲ್ಕನೆಯ ಕಾಲು ಎಲ್ಲಿ ಎಂದು ನಾನೊಬ್ಬಳೇ ಹುಡುಕುತ್ತಿದ್ದೇನೆ. ಸುಸ್ತಾಗಿದೆ ಅತ್ತೆ. ಮಧ್ಯಾಹ್ನ ಅಂಗಡಿ ಮುಚ್ಚಿ ಒಳಗೆ ಬಂದರೆ ನಿಮ್ಮ ಕುರ್ಚಿ ಕಿಟಕಿಯ ಕಡೆಗೆ ತಿರುಗಿಕೊಂಡೇ ಇದೆ. ಇವರು ಅದನ್ನು ಸುತ್ತಿ ಹೋಗುತ್ತಾರೆಯೇ ಹೊರತು ಸರಿಸುವುದಿಲ್ಲ. ನನಗೆ ಬೈಯಲು ಮನೆಯಲ್ಲಿ ಯಾರೂ ಇಲ್ಲ, ಬೈಸಿಕೊಳ್ಳದೆ ಅಡಿಗೆಯೂ ರುಚಿಸುತ್ತಿಲ್ಲ.

ಮೊಮ್ಮಗಳು ನಿಮಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ತನ್ನ ಹಲ್ಲು ಬಿದ್ದ ಸುದ್ದಿಯನ್ನೂ ಬರೆಯಬೇಕೆಂದು ಹಟ ಹಿಡಿದಿದ್ದಾಳೆ. ನಾದಿನಿಗೂ ಅವಳ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸಿ. ಮಾತ್ರೆ ನುಂಗಿ. ಕಾಲು ಇಳಿಬಿಟ್ಟು ಬಹಳ ಹೊತ್ತು ಕೂರಬೇಡಿ. ನಿಮ್ಮ ಮಕ್ಕಳಿಗಾಗಿ ಪ್ರಾರ್ಥನೆ ಮಾಡುವಾಗ ನಿಮ್ಮ ಸೊಸೆಯ ತಾಳ್ಮೆಗಾಗಿಯೂ ಒಂದು ಮಾತು ಸೇರಿಸಿ, ಅದು ತಳ ಕಂಡಿದೆ. ಕರ್ತನು ನಿಮ್ಮನ್ನು ಅಂಗೈಯಲ್ಲಿಟ್ಟು ಕಾಯಲಿ.

ಇಂತಿ ನಿಮ್ಮ ಬೈಗುಳ ಬಯಸುವ,
ಚಿಕ್ಕ ಸೊಸೆ

ತಾ.ಕ.: ಕಾಗದ ಮಡಿಚುವಷ್ಟರಲ್ಲಿ ನಾದಿನಿಯ ಫೋನು ಬಂತು. ಇನ್ನು ಮುಚ್ಚಿಡಲಾರೆ ಎಂದು ಅತ್ತುಬಿಟ್ಟಳು. ನೀವು ಬಚ್ಚಲಲ್ಲಿ ಬಿದ್ದದ್ದು, ಹಣೆಗೆ ಹೊಲಿಗೆ ಹಾಕಿಸಿದ್ದು, ಆಮೇಲಿಂದ ಎದ್ದು ನಿಲ್ಲಲು ಹೆದರುತ್ತಿರುವುದು, ಯಾರಿಗೂ ಹೇಳಕೂಡದೆಂದು ಅವಳಿಂದ ಮಾತು ತೆಗೆದುಕೊಂಡದ್ದು, ಎಲ್ಲ ಗೊತ್ತಾಯಿತು. ಓಡಿಹೋಗಿ ಇವರಿಗೆ ಹೇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದ್ದೇನು ಗೊತ್ತೇ? 'ಅಮ್ಮ ಇಬ್ಬರೂ ಒಟ್ಟಿಗೆ ಅಂದಿದ್ದಾರೆ. ಅವನು ಬಂದು ಕರೀಲಿ, ಈಗಲೇ ಹೊರಡ್ತೀನಿ.' ಅಷ್ಟರಲ್ಲಿ ಅಕ್ಕ ಹಿಂಬಾಗಿಲಿಗೆ ಬಂದರು. ಅಲ್ಲೂ ಸುದ್ದಿ ಮುಟ್ಟಿದೆ, ಅಲ್ಲೂ ಅದೇ ಮಾತು. ನನಗೆ ಭಯವಾಗಿದೆ ಅತ್ತೆ. ಯಾರು ಮೊದಲು ಎಂದು ಇವರು ತೀರ್ಮಾನಿಸುವ ಹೊತ್ತಿಗೆ ಕರೆತರಲು ನೀವೇ ಇಲ್ಲದಿದ್ದರೆ ಏನು ಮಾಡುವುದು? ನಾನೂ ಅಕ್ಕನೂ ಶನಿವಾರದ ಮೊದಲ ಬಸ್ಸಿಗೆ ಬರುತ್ತಿದ್ದೇವೆ. ಗಂಡಸರನ್ನು ಕೇಳಿಲ್ಲ, ಹೇಳಿದ್ದೇವೆ. ವೇದದಲ್ಲಿ ಅತ್ತೆಯನ್ನು ಬಿಡದೆ ಹಿಂದೆ ಹೋದ ಸೊಸೆಯ ಕಥೆಯನ್ನು ನಾನು ನೆನಪಿಸಿದ್ದಕ್ಕೆ ಅಕ್ಕ, 'ಅದರಲ್ಲಿ ಇನ್ನೊಬ್ಬಳು ಸೊಸೆ ಅರ್ಧ ದಾರೀಲಿ ತಿರುಗಿ ಹೋದ್ಲು. ನಾನು ಹೋಗಲ್ಲ' ಎಂದರು. ಷರತ್ತು ಮುರಿದಿರಿ ಎಂದು ನೀವು ಬಾಗಿಲಲ್ಲಿ ತಕರಾರು ತೆಗೆಯಬೇಡಿ. ಇಬ್ಬರೂ ಒಟ್ಟಿಗೆ ಬಂದು ಕರೆದರೆ ಬರ್ತೀನಿ ಎಂದಿರಿ. ನಿಮ್ಮ ಮಾತನ್ನು ಅಕ್ಷರ ಅಕ್ಷರವಾಗಿ ನೋಡಿದ್ದೇವೆ. ಅದರಲ್ಲಿ ಮಕ್ಕಳು ಎನ್ನುವ ಮಾತು ಎಲ್ಲೂ ಇಲ್ಲ.